ಹಾಡು ಎಲ್ಲರದು, ದನಿ ಯಾರದು?

1969ರ ಜನವರಿ 13. ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೋದ ಊಟದ ಕೋಣೆಯಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಮಾತಾಡುತ್ತ ಕುಳಿತಿದ್ದರು. ಮೂರು ದಿನಗಳ ಹಿಂದಷ್ಟೇ ಅವರ ಗೆಳೆಯ, ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬೇಸತ್ತು ತಂಡ ಬಿಟ್ಟು ಹೋಗಿದ್ದರು. ಅವರನ್ನು ತಾವು ಹೇಗೆ ನಡೆಸಿಕೊಂಡೆವು, ತಪ್ಪಿದ್ದು ಎಲ್ಲಿ ಎಂಬುದು ಅವರ ಮಾತಿನ ವಿಷಯ. ತಂಡದ ತಾಲೀಮನ್ನು ಚಿತ್ರೀಕರಿಸುತ್ತಿದ್ದ ಕ್ಯಾಮರಾಗಳು ಆ ಕೋಣೆಯಲ್ಲಿ ಇರಲಿಲ್ಲ. ಆದರೆ ಅಲ್ಲಿದ್ದ ಹೂಕುಂಡದೊಳಗೆ ಚಿತ್ರದ ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್ ಒಂದು ಮೈಕನ್ನು ಅಡಗಿಸಿಟ್ಟಿದ್ದರು.

ಆ ಟೇಪಿನಲ್ಲಿ ಅಂದು ತಟ್ಟೆ ಚಮಚಗಳ ಸದ್ದಿನ ನಡುವೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. 52 ವರ್ಷಗಳ ನಂತರ, 2021ರಲ್ಲಿ, ಪೀಟರ್ ಜಾಕ್ಸನ್ ಅವರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕಾಗಿ ಕಂಪ್ಯೂಟರಿಗೆ ಒಂದೊಂದು ದನಿಯನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಸಲಾಯಿತು. ಸದ್ದು ಸರಿಯಿತು, ಮಾತು ಉಳಿಯಿತು. ಇಬ್ಬರು ಗೆಳೆಯರು ತಮ್ಮಿಬ್ಬರಿಗಾಗಿಯೇ ಆಡಿಕೊಂಡ ಮಾತನ್ನು ಜಗತ್ತೇ ಕೇಳಿತು. ನಾವೂ ಕೇಳಿದೆವು. ಮಾತು ಮುಗಿಯುವ ತನಕ ಕಿವಿಗೊಟ್ಟು ಕೇಳಿದೆವು. ಮುಗಿದ ಮೇಲೆ ಮಾತ್ರ ಒಂದು ಪ್ರಶ್ನೆ ಎದ್ದಿತು: ಇದನ್ನು ಕೇಳುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

ಕಲಾವಿದನನ್ನು ತುಂಬ ಪ್ರೀತಿಸುವವರಿಗೆ ಅವನು ಕೊಟ್ಟಷ್ಟು ಸಾಲದು. ಅವನು ಬಿಡುಗಡೆ ಮಾಡಿದ ಹಾಡು ಬಾಯಿಪಾಠವಾದ ಮೇಲೆ ಬಿಡುಗಡೆ ಮಾಡದ ಹಾಡು ಬೇಕೆನಿಸುತ್ತದೆ. ಹಾಡಿನ ಮೊದಲ ಕರಡು, ನಡುವೆ ತಪ್ಪಿದ ತಾಳ, ನಗುತ್ತ ನಿಲ್ಲಿಸಿಬಿಟ್ಟ ಸಾಲು, ಯಾರೋ ಪ್ರೇಕ್ಷಕ ಬಚ್ಚಿಟ್ಟುಕೊಂಡು ಹೋದ ಯಂತ್ರದಲ್ಲಿ ಹಿಡಿದ ಕಛೇರಿ, ಎಲ್ಲವೂ ಬೇಕು. ಜಗತ್ತಿನ ದೊಡ್ಡ ರಾಕ್ ತಂಡಗಳ ಸುತ್ತ ಇಂಥ ಅಪರೂಪದ ಧ್ವನಿಮುದ್ರಣಗಳ ಒಂದು ಕಳ್ಳಸಂತೆಯೇ ಬೆಳೆದುಬಂದಿದೆ. ಅದರ ಪಕ್ಕದಲ್ಲೇ ಇನ್ನೊಂದು ರಾಜಮಾರ್ಗವಿದೆ. ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮದೇ ರೀತಿಯಲ್ಲಿ ಹಾಡಿ ಮುದ್ರಿಸುವುದು, ಅಂದರೆ ಕವರ್. ಎರಡರಲ್ಲೂ ಒಬ್ಬರದನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಆದರೆ ಒಂದು ನಮಗೆ ಸಹಜವೆನಿಸುತ್ತದೆ, ಮತ್ತೊಂದು ಮುಳ್ಳಿನಂತೆ ಚುಚ್ಚುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಬೀಟಲ್ಸ್ ತಂಡದ ಮಟ್ಟಿಗೆ ಈ ಎರಡು ದಾರಿಗಳು ಆರಂಭದಲ್ಲೇ ಸಂಧಿಸುತ್ತವೆ. ಜಗತ್ತಿಗೆ ಅವರ ಹೆಸರು ಸ್ವಂತ ಹಾಡುಗಳಿಂದ ಪರಿಚಿತ. ಆದರೆ ಅವರ ಅತ್ಯಂತ ಹಳೆಯ, ಅಪರೂಪದ ಧ್ವನಿಮುದ್ರಣಗಳನ್ನು ಕೇಳಿದರೆ ಅಲ್ಲಿರುವುದು ಹೆಚ್ಚಾಗಿ ಬೇರೆಯವರ ಹಾಡುಗಳೇ. 1962ರ ಜನವರಿ 1ರಂದು ಡೆಕ್ಕಾ ಕಂಪೆನಿಯ ಪರೀಕ್ಷೆಗೆ ಅವರು ಹಾಡಿದ 15 ಹಾಡುಗಳಲ್ಲಿ ಸ್ವಂತದ್ದು ಮೂರೇ. ಕಂಪೆನಿ ಅವರನ್ನು ಬೇಡವೆಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟಾರ್-ಕ್ಲಬ್ಬಿನಲ್ಲಿ ಅವರು ಹಾಡಿದ್ದನ್ನು ಮನೆಬಳಕೆಯ ಸಾಮಾನ್ಯ ಟೇಪ್ ರೆಕಾರ್ಡರಿನಲ್ಲಿ ಹಿಡಿಯಲಾಯಿತು. ಅದರಲ್ಲೂ ಹೆಚ್ಚಿನವು ಅಮೆರಿಕದ ಹಾಡುಗಳು. 1963ರ ಮಾರ್ಚಿನಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿಯೂ ಆರು ಬೇರೆಯವರದು. ಹತ್ತು ಹಾಡುಗಳನ್ನು ಫೆಬ್ರವರಿ 11ರ ಒಂದೇ ದಿನದಲ್ಲಿ ಮುದ್ರಿಸಿದರು. ನೆಗಡಿಯಿಂದ ಗಂಟಲು ಕೆಟ್ಟಿದ್ದ ಲೆನನ್ ಕಟ್ಟಕಡೆಗೆ ‘ಟ್ವಿಸ್ಟ್ ಅಂಡ್ ಶೌಟ್’ ಹಾಡಿದರು. ಹರಿದುಹೋದ ಆ ದನಿಯೇ ಹಾಡಿನ ಜೀವವಾಯಿತು. ಅದು ಅವರ ಹಾಡೇ ಎಂದು ಇಂದಿಗೂ ತಿಳಿದವರಿದ್ದಾರೆ. ನಿಜವಾಗಿ ಅವರಿಗಿಂತ ಒಂದು ವರ್ಷ ಮೊದಲು, 1962ರಲ್ಲಿ, ಅದನ್ನು ಜನಪ್ರಿಯಗೊಳಿಸಿದವರು ಐಸ್ಲಿ ಬ್ರದರ್ಸ್ ಎಂಬ ಕಪ್ಪು ಅಮೆರಿಕನ್ ಸಹೋದರರು.

ಕವರ್ ಹಾಡುವುದು ಕಳ್ಳತನವಲ್ಲ. ಒಮ್ಮೆ ಹಾಡು ಒಪ್ಪಿಗೆಯಿಂದ ಮುದ್ರಣವಾಗಿ ಹೊರಬಂದ ಮೇಲೆ, ನಿಗದಿತ ಸಂಭಾವನೆ ಕೊಟ್ಟು ಯಾರು ಬೇಕಾದರೂ ಅದನ್ನು ಮುದ್ರಿಸಬಹುದೆಂದು ಅಮೆರಿಕದ ಕಾನೂನು 1909ರಲ್ಲೇ ಹೇಳಿತು. ಕಾನೂನು ಹೇಳದಿದ್ದರೂ ಹಾಡಿನ ಗುಣವೇ ಅಂಥದ್ದು. ಹಾಡಿದವನ ಬಾಯಿಂದ ಹೊರಟ ಹಾಡು ಕೇಳಿದವನ ಬಾಯಿಗೆ ಬರುತ್ತದೆ. ಬರದಿದ್ದರೆ ಅದು ಹಾಡೇ ಅಲ್ಲ. ಸ್ಟಾರ್-ಕ್ಲಬ್ ಟೇಪಿನಲ್ಲಿ ರೇ ಚಾರ್ಲ್ಸ್ ಬರೆದ ಹಾಡೊಂದಿದೆ. ಐದು ವರ್ಷಗಳ ಬಳಿಕ, 1967ರಲ್ಲಿ, ಅದೇ ರೇ ಚಾರ್ಲ್ಸ್ ಬೀಟಲ್ಸ್‌ನ ‘ಯೆಸ್ಟರ್ಡೇ’ಯನ್ನು ಮುದ್ರಿಸಿದರು. ಅರೀತಾ ಫ್ರಾಂಕ್ಲಿನ್ 1969ರಲ್ಲಿ ‘ಎಲಿನರ್ ರಿಗ್ಬಿ’ಯನ್ನು ತಮ್ಮದಾಗಿಸಿಕೊಂಡರು. ಪಡೆದುಕೊಂಡ ಮನೆಗೇ ಹಾಡು ಮರಳಿ ಹೋದಂತಾಯಿತು. ಇಂಥ ಕೊಡುಕೊಳ್ಳುವಿಕೆಯಲ್ಲಿ ಯಾರೂ ಬಡವರಾಗುವುದಿಲ್ಲ.

ಹೀಗೆ ಹೇಳಿ ಮುಗಿಸಬಹುದಿತ್ತು. ಆದರೆ ಲೆಕ್ಕ ಅಷ್ಟು ಚೊಕ್ಕವಾಗಿಲ್ಲ. ಕವರಿಗೆ ಕಾನೂನು ಗೊತ್ತುಮಾಡಿದ ಸಂಭಾವನೆ ಹಾಡು ಬರೆದವರಿಗೆ ಮತ್ತು ಅದರ ಪ್ರಕಾಶಕರಿಗೆ ಸೇರುತ್ತದೆ, ಹಾಡಿಗೆ ಮೊದಲು ಜೀವ ತುಂಬಿದ ಗಾಯಕರಿಗಲ್ಲ. ‘ಟ್ವಿಸ್ಟ್ ಅಂಡ್ ಶೌಟ್’ ಬರೆದವರು ಬೇರೆ. ಆದ್ದರಿಂದ ತಮ್ಮ ಕೂಗನ್ನೂ ತಮ್ಮ ಏರಿಳಿತವನ್ನೂ ಅನುಸರಿಸಿದ ಬೀಟಲ್ಸ್ ಮುದ್ರಣದಲ್ಲಿ ಐಸ್ಲಿ ಸಹೋದರರಿಗೆ ಕಾನೂನಿನ ಪಾಲು ಇರಲಿಲ್ಲ. ಬರೆದವರ ಕಥೆಯಾದರೂ ಏನು? ಅಲಬಾಮಾದ ಆರ್ಥರ್ ಅಲೆಕ್ಸಾಂಡರ್ ‘ಆನಾ’ ಎಂಬ ಹಾಡನ್ನು ಸ್ವತಃ ಬರೆದು 1962ರಲ್ಲಿ ಹಾಡಿದವರು. ಮರುವರ್ಷ ಅದು ಬೀಟಲ್ಸ್‌ನ ಮೊದಲ ಆಲ್ಬಮ್ಮಿನಲ್ಲಿ ಸೇರಿತು. ರೋಲಿಂಗ್ ಸ್ಟೋನ್ಸ್ ತಂಡವೂ ಮುಂದೆ ಬಾಬ್ ಡಿಲನ್ ಕೂಡ ಅವರ ಹಾಡುಗಳನ್ನು ಹಾಡಿದರು. ಆದರೂ ಆ ಮನುಷ್ಯ ಸಂಗೀತ ಬಿಟ್ಟು ವರ್ಷಗಟ್ಟಲೆ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬಸ್ ಓಡಿಸಿದರು. 1993ರಲ್ಲಿ ಮತ್ತೆ ಒಂದು ಆಲ್ಬಮ್ ತಂದು, ಅದೇ ವರ್ಷ ತೀರಿಕೊಂಡರು. ಅವರ ಬಸ್ಸಿನಲ್ಲಿ ಕುಳಿತವರಲ್ಲಿ ಎಷ್ಟು ಮಂದಿಗೆ ಚಾಲಕನ ಹಾಡು ಬೀಟಲ್ಸ್ ದನಿಯಲ್ಲಿ ಗೊತ್ತಿತ್ತೋ!

ಹಾಗಾದರೆ ಹಾಡು ಎಲ್ಲರದು ಎನ್ನುವಾಗ ಒಂದು ಷರತ್ತನ್ನೂ ಸೇರಿಸಬೇಕು. ಎಲ್ಲರೂ ಹಾಡಬಹುದು, ಆದರೆ ಯಾರ ಹಾಡೆಂದು ಮರೆಯಬಾರದು. ಬೀಟಲ್ಸ್‌ನ ಅಪರೂಪದ ಟೇಪುಗಳಿಗೆ ಒಂದು ದೊಡ್ಡ ಬೆಲೆ ಇರುವುದು ಇಲ್ಲಿಯೇ. ನಾವು ಸ್ವಯಂಭೂ ಪ್ರತಿಭೆಗಳೆಂದು ತಿಳಿದಿದ್ದ ನಾಲ್ವರು ಎಷ್ಟು ಮಂದಿಯ ಋಣದಲ್ಲಿ ಬೆಳೆದರು ಎಂಬುದಕ್ಕೆ ಅವು ಸಾಕ್ಷಿ.

ಈಗ ಆ ಟೇಪುಗಳ ಕಡೆಗೆ ತಿರುಗೋಣ. ಸ್ಟಾರ್-ಕ್ಲಬ್ ಧ್ವನಿಮುದ್ರಣ 1977ರಲ್ಲಿ ಎರಡು ತಟ್ಟೆಗಳ ಆಲ್ಬಮ್ಮಾಗಿ ಮಾರುಕಟ್ಟೆಗೆ ಬಂತು. ತಡೆಯಲು ಬೀಟಲ್ಸ್ ಪಕ್ಷ ಹೂಡಿದ ಮೊದಲ ದಾವೆ ಫಲಿಸಲಿಲ್ಲ. ಟೇಪು ಇಟ್ಟುಕೊಂಡಿದ್ದ ಸಹಗಾಯಕ ಟೆಡ್ ಟೇಲರ್ ಅವರ ವಾದ ಕುತೂಹಲಕರ. ತಾವು ಕುಡಿಸುವ ಬಿಯರಿಗೆ ಬದಲಾಗಿ ಮುದ್ರಿಸಿಕೊಳ್ಳಲು ಲೆನನ್ ಬಾಯಿಮಾತಿನಲ್ಲಿ ಒಪ್ಪಿದ್ದರಂತೆ. ವಾದ ನಡೆಯುವಾಗ ಹೌದು ಅಲ್ಲ ಎನ್ನಲು ಲೆನನ್ ಬದುಕಿರಲಿಲ್ಲ. ಅವರು ಕೊಲೆಯಾದದ್ದು 1980ರಲ್ಲಿ. 1998ರಲ್ಲಿ ಹ್ಯಾರಿಸನ್ ಸ್ವತಃ ಲಂಡನ್ನಿನ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದರು. ಕೊನೆಗೆ ಟೇಪು ಬೀಟಲ್ಸ್ ಪಕ್ಷಕ್ಕೆ ಸೇರಿತು. ಆ ಹೊತ್ತಿಗೆ ಅದು ಎರಡು ದಶಕ ಮಾರಾಟವಾಗಿತ್ತು.

ಒಂದು ಸಂಜೆ ಗೆಳೆಯರ ನಡುವೆ ‘ಹೂಂ, ಮಾಡಿಕೋ’ ಎಂದದ್ದು ಹದಿನೈದು ವರ್ಷದ ನಂತರ ಜಗತ್ತಿಗೆಲ್ಲ ಮಾರಲು ಕೊಟ್ಟ ಒಪ್ಪಿಗೆಯಾಗುತ್ತದೆಯೇ? ಆಗುವುದಿಲ್ಲವೆಂದು ನಮಗನಿಸುತ್ತದೆ. ಒಪ್ಪಿಗೆ ಎಂಬುದು ಯಾರಿಗೆ, ಯಾವುದಕ್ಕೆ, ಎಷ್ಟಕ್ಕೆ ಎಂಬ ಗಡಿಗಳೊಂದಿಗೇ ಹುಟ್ಟುತ್ತದೆ. ಗಡಿ ದಾಟಿದ ಒಪ್ಪಿಗೆ ಒಪ್ಪಿಗೆಯಲ್ಲ. ಅಂಗಳಕ್ಕೆ ಬಾ ಎಂದವನು ಅಡುಗೆಮನೆಗೂ ಬಾ ಎಂದಂತಲ್ಲ.

ಇದಕ್ಕೆ ಗಟ್ಟಿಯಾದ ಎದುರುಮಾತೂ ಇದೆ. ಆ ಟೇಪು ಇಲ್ಲದಿದ್ದರೆ ಹ್ಯಾಂಬರ್ಗಿನ ವೇದಿಕೆಯಲ್ಲಿ ಬೀಟಲ್ಸ್ ಹೇಗೆ ಹಾಡುತ್ತಿದ್ದರೆಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ಅನುಮತಿ ಕೇಳುತ್ತ ಕೂತಿದ್ದರೆ ಇತಿಹಾಸದ ಅರ್ಧ ಪುಟಗಳು ಖಾಲಿ ಉಳಿಯುತ್ತಿದ್ದವು. ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡೆಂದು ಕಾಫ್ಕಾ ಕೇಳಿಕೊಂಡಿದ್ದ. ಗೆಳೆಯ ಮ್ಯಾಕ್ಸ್ ಬ್ರಾಡ್ ಆ ಮಾತನ್ನು ಮೀರಿದ್ದರಿಂದಲೇ ಇಂದು ಕಾಫ್ಕಾ ನಮಗೆ ಗೊತ್ತು. ಹೂಕುಂಡದ ಟೇಪನ್ನೇ ನೋಡಿ. ಲೆನನ್ ಮತ್ತು ಮೆಕಾರ್ಟ್ನಿ ಬದ್ಧದ್ವೇಷಿಗಳಾಗಿ ಬೇರಾದರೆಂದು ದಶಕಗಳ ಕಾಲ ಬರೆದವರಿಗೆ ಅದೊಂದು ಉತ್ತರ. ಅಲ್ಲಿ ಕೇಳಿಸುವುದು ಗೆಳೆಯನನ್ನು ನೋಯಿಸಿದೆವಲ್ಲ ಎಂದು ಯೋಚಿಸುವ ಇಬ್ಬರ ಮಾತು.

ಈ ವಾದದ ತೂಕವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಕದ್ದು ಕೇಳಿದಾಗ ಒಳ್ಳೆಯ ಮಾತೇ ಕಿವಿಗೆ ಬಿತ್ತೆಂದ ಮಾತ್ರಕ್ಕೆ ಕದ್ದು ಕೇಳಿದ್ದು ಒಳ್ಳೆಯದಾಗುವುದಿಲ್ಲ. ಮೈಕ್ ಇಡುವಾಗ ಅವರು ಏನು ಮಾತಾಡುವರೆಂದು ಇಟ್ಟವರಿಗೆ ಗೊತ್ತಿರಲಿಲ್ಲ. ಅವರು ಅಂದು ಒಬ್ಬರನ್ನೊಬ್ಬರು ಹೀಯಾಳಿಸಿದ್ದರೂ ಟೇಪು ತಿರುಗುತ್ತಲೇ ಇರುತ್ತಿತ್ತು. ಇನ್ನೊಂದು ಮಾತು: ತಪ್ಪಿದ ತಾಳ, ಅರ್ಧಕ್ಕೆ ಬಿಟ್ಟ ಪಲ್ಲವಿ ಇವು ಕಲಾವಿದನ ಕೆಲಸದ ಭಾಗ. ಹಾಡು ಹೇಗೆ ಹುಟ್ಟಿತೆಂದು ಅವು ಕಲಿಸುತ್ತವೆ. ಊಟದ ಮೇಜಿನ ನೋವು ಅವನ ಕೆಲಸವಲ್ಲ, ಅವನ ಬದುಕು. ಮೊದಲನೆಯದನ್ನು ಜತನವಾಗಿ ಕಾದಿಡುವುದು ಇತಿಹಾಸಕಾರನ ಧರ್ಮ. ಎರಡನೆಯದಕ್ಕೆ ಕೈ ಹಾಕುವ ಮುನ್ನ ಅವನೂ ಬಾಗಿಲು ತಟ್ಟಬೇಕು. ತಟ್ಟಿದರೆ ತೆರೆಯುವವರು ಯಾರು ಎಂಬುದೇ ಕಷ್ಟ. ‘ಗೆಟ್ ಬ್ಯಾಕ್’ ಹೊರಬಂದಾಗ ಮೆಕಾರ್ಟ್ನಿ, ರಿಂಗೋ ಸ್ಟಾರ್ ಮತ್ತು ತೀರಿಕೊಂಡ ಇಬ್ಬರ ಪತ್ನಿಯರು ಅದಕ್ಕೆ ಒಪ್ಪಿದ್ದರು. ಕಾನೂನಿಗೆ ಅಷ್ಟು ಸಾಕು. ಮನಸ್ಸಿಗೆ ಸಾಕೇ?

2023ರ ನವೆಂಬರ್ 2ರಂದು ಹೊರಬಂದ ‘ನೌ ಅಂಡ್ ದೆನ್’ ಈ ಪ್ರಶ್ನೆಯನ್ನು ಇನ್ನೂ ತೀಕ್ಷ್ಣಗೊಳಿಸಿತು. ಲೆನನ್ 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಮನೆಯಲ್ಲಿ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಾಡಿಟ್ಟ ಕರಡು ಅದು. 1994ರಲ್ಲಿ ಅವರ ಪತ್ನಿ ಯೋಕೋ ಓನೋ ಇಂಥ ಹಾಡುಗಳ ಟೇಪನ್ನು ಮೆಕಾರ್ಟ್ನಿಗೆ ಕೊಟ್ಟರು. 1995ರಲ್ಲಿ ಉಳಿದ ಮೂವರೂ ಕೂಡಿ ಈ ಹಾಡನ್ನು ಪ್ರಯತ್ನಿಸಿ ಕೈಬಿಟ್ಟರು. ಹ್ಯಾರಿಸನ್ನರಿಗೆ ಅದು ಹಿಡಿಸಿರಲಿಲ್ಲ. ಅವರು 2001ರಲ್ಲಿ ತೀರಿಕೊಂಡರು. ಬಳಿಕ ಹೂಕುಂಡದ ಟೇಪಿಗೆ ನೆರವಾದ ಅದೇ ತಂತ್ರಜ್ಞಾನ ಲೆನನ್ನರ ದನಿಯನ್ನು ಪಿಯಾನೋದಿಂದ ಬಿಡಿಸಿಕೊಟ್ಟಿತು. 1995ರಲ್ಲಿ ಹ್ಯಾರಿಸನ್ ನುಡಿಸಿದ್ದ ಗಿಟಾರನ್ನೂ ಸೇರಿಸಿ ಹಾಡು ಪೂರ್ಣವಾಯಿತು. ಹಾಡು ಸುಂದರವಾಗಿದೆ. ಒಬ್ಬ ಮುದುಕ ಗೆಳೆಯ ತನ್ನ ಸತ್ತ ಗೆಳೆಯನ ಜೊತೆ ಕೊನೆಯ ಬಾರಿ ಹಾಡಿದ್ದನ್ನು ಕೇಳಿ ಕಣ್ಣು ತೇವವಾಗದವರು ಕಡಿಮೆ. ಆದರೆ ಅದರಲ್ಲಿ ಹಾಡಿದವನು ಕೊಡದ ದನಿಯೊಂದಿದೆ, ಬೇಡವೆಂದವನ ಗಿಟಾರೊಂದಿದೆ.

ಇದೇ ತಂಡ ಇನ್ನೊಂದು ರೀತಿಯಲ್ಲೂ ನಡೆದುಕೊಂಡದ್ದುಂಟು. 1967ರ ಜನವರಿ 5ರಂದು ಅವರು ಮುದ್ರಿಸಿದ, ಸುಮಾರು 14 ನಿಮಿಷಗಳ ‘ಕಾರ್ನಿವಲ್ ಆಫ್ ಲೈಟ್’ ಎಂಬ ರಚನೆಯನ್ನು 1990ರ ದಶಕದ ‘ಆಂಥಾಲಜಿ’ ಸಂಪುಟಗಳಲ್ಲಿ ಸೇರಿಸಲು ಮೆಕಾರ್ಟ್ನಿ ಬಯಸಿದ್ದರು. ಗೆಳೆಯರು ಒಪ್ಪಲಿಲ್ಲ. ಅದು ಪೆಟ್ಟಿಗೆಯಲ್ಲೇ ಉಳಿಯಿತು. ಅಭಿಮಾನಿಗಳಿಗೆ ಇದು ದೊಡ್ಡ ನಿರಾಸೆ. ನಮಗಾದರೋ ಆ ಮೌನದಲ್ಲಿ ಒಂದು ಘನತೆ ಕಾಣುತ್ತದೆ. ಕೊಡುವವನಿಗೆ ಕೊಡದಿರುವ ಸ್ವಾತಂತ್ರ್ಯ ಇದ್ದಾಗಲೇ ಅವನು ಕೊಟ್ಟದ್ದು ಕೊಡುಗೆಯಾಗುತ್ತದೆ. ಇಲ್ಲದಿದ್ದರೆ ಅದು ಲೂಟಿ, ಎಷ್ಟೇ ಪ್ರೀತಿಯಿಂದ ಮಾಡಿದರೂ.

ಇದೆಲ್ಲ ದೊಡ್ಡ ಕಲಾವಿದರ ಸಮಸ್ಯೆ, ನಮಗೇನು ಎಂದು ಓದುಗರು ಕೇಳಬಹುದು. 1969ರಲ್ಲಿ ಒಬ್ಬರ ಮಾತನ್ನು ಕದ್ದು ಹಿಡಿಯಲು ನಿರ್ದೇಶಕ, ಮೈಕು, ಹೂಕುಂಡ ಎಲ್ಲ ಬೇಕಾಗಿತ್ತು. ಇಂದು ನಮ್ಮ ಪ್ರತಿಯೊಬ್ಬರ ಕಿಸೆಯಲ್ಲೂ ಆ ಹೂಕುಂಡವಿದೆ. ಒಬ್ಬರು ನಂಬಿ ಕಳಿಸಿದ ಧ್ವನಿಸಂದೇಶವನ್ನು ಬೆರಳ ತುದಿಯಿಂದ ನೂರು ಮಂದಿಗೆ ದಾಟಿಸುತ್ತೇವೆ. ಮದುವೆಮನೆಯಲ್ಲಿ ಯಾರೋ ಅಜ್ಜಿ ನಾಲ್ಕು ಗೋಡೆಯೊಳಗೆ ಹಾಡಿದ್ದನ್ನು ಅವರಿಗೆ ತಿಳಿಯದಂತೆ ಊರಿಗೆಲ್ಲ ಕೇಳಿಸುತ್ತೇವೆ. ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಅಭಿಮಾನಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ‘ಚೆನ್ನಾಗಿತ್ತು, ಅದಕ್ಕೇ ಹಂಚಿದೆ’ ಎಂಬುದು ಇಬ್ಬರ ಸಮರ್ಥನೆಯೂ ಹೌದು.

ಅಜ್ಜಿಯ ಹಾಡನ್ನು ಕಲಿತು ನಾವು ಹಾಡಿದರೆ, ಇಂಥವರಿಂದ ಕಲಿತೆವೆಂದು ಹೇಳಿದರೆ, ಅಜ್ಜಿಗೆ ಸಂತೋಷವೇ ಆದೀತು. ಹಾಡು ಉಳಿಯುವುದೂ ಹಾಗೆಯೇ. ಆದರೆ ಆಕೆಯ ದನಿಯನ್ನು ಹೊರಗೊಯ್ಯುವ ಮೊದಲು ಆಕೆಯನ್ನೊಮ್ಮೆ ಕೇಳಬೇಕು. ಬೇಡವೆಂದರೆ ನಮಗೊಂದು ಒಳ್ಳೆಯ ಹಾಡು ತಪ್ಪಬಹುದು. ತಪ್ಪಲಿ. ನಾವು ಆ ಹೂಕುಂಡದ ಟೇಪನ್ನು ಕೇಳಿದವರು, ಕೇಳಿದ್ದನ್ನು ಈಗ ಕೇಳದಂತೆ ಮಾಡಲು ಬರುವುದಿಲ್ಲ. ಮುಂದಿನ ಸಲ ನಮ್ಮ ಕೈ ಕಿಸೆಗೆ ಹೋದಾಗ ಒಂದು ಕ್ಷಣ ತಡೆಯುವುದಷ್ಟೇ ನಮ್ಮಿಂದ ಸಾಧ್ಯ.