ಇಂದಿನ ಧಮ್ಮ ಚಿಂತನೆ: ಗೂಡಿನೊಳಗಿನ ಜಗಳ

 



ನಮ್ಮ ತಾರಸಿಯ ಮೇಲೆ ಮಗ ಎಂಟು ಗೌಜಲಕ್ಕಿ ಸಾಕಿದ್ದಾನೆ. ಕ್ವೇಲ್ ಅಂತಾರಲ್ಲ, ಆ ಜಪಾನಿ ತಳಿ. ಮೂರು ಗಂಡು, ಐದು ಹೆಣ್ಣು. ಮರಿಗಳಿದ್ದಾಗ ಚೆನ್ನಾಗಿಯೇ ಇದ್ದವು. ಬಲಿತ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ಒಂದು ಹೆಣ್ಣಿನ ನೆತ್ತಿಯ ಪುಕ್ಕವೆಲ್ಲ ಕಿತ್ತು ರಕ್ತ ಬಂದಿತ್ತು. ದಪ್ಪನೆಯ ಗಂಡೊಂದು ಅದನ್ನು ಮೂಲೆಗೆ ಅಟ್ಟಿ ಕುಕ್ಕುತ್ತಿತ್ತು.

"ಇದು ಕೆಟ್ಟ ಹಕ್ಕಿ. ಸಂಜೆ ಮಾಂಸದಂಗಡಿಗೆ ಕೊಟ್ಟು ಬಾ" ಎಂದುಬಿಟ್ಟೆ. ಮಗ ಸುಮ್ಮನೆ ನನ್ನ ಮುಖ ನೋಡಿದ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ಕರುಣೆ ಇಟ್ಟು ಕಾಪಾಡುವುದು. ಭಾನುವಾರದ ತರಗತಿಯಲ್ಲಿ ಅವನಿಗೆ ಅದನ್ನು ಹೇಳಿಕೊಟ್ಟವನು ನಾನೇ.

ಆ ಸಂಜೆ ಗೂಡಿನ ಮುಂದೆ ಕೂತು ನೋಡಿದೆ. ಎರಡಡಿ ಉದ್ದ, ಎರಡಡಿ ಅಗಲದ ಜಾಗದಲ್ಲಿ ಎಂಟು ಹಕ್ಕಿ. ಕಾಲಡಿಗೆ ಬರಿಯ ತಂತಿ ಜಾಲರಿ. ಅವಿತುಕೊಳ್ಳಲು ಒಂದು ಮರೆಯಿಲ್ಲ. ರಾತ್ರಿಯಿಡೀ ಉರಿಯುವ ಬಲ್ಬು. ತಿನ್ನಲು ಬಟ್ಟಲು ತುಂಬ ಅಕ್ಕಿ ನುಚ್ಚು, ಅದು ಬೇಗ ಮುಗಿಯುತ್ತದೆ. ಬಯಲಿನಲ್ಲಿ ಈ ಜಾತಿಯ ಹಕ್ಕಿ ದಿನವಿಡೀ ನೆಲ ಕೆದರಿ ಕಾಳು, ಹುಳು ಹುಡುಕುತ್ತದೆ. ಇಲ್ಲಿ ಕೆದರಲು ಮಣ್ಣಿಲ್ಲ, ಹುಡುಕಲು ಏನೂ ಇಲ್ಲ. ಕೆಲಸವಿಲ್ಲದ ಕೊಕ್ಕಿಗೆ ಪಕ್ಕದ ಹಕ್ಕಿಯ ನೆತ್ತಿಯೇ ಸಿಕ್ಕಿತು.

ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ ಎಂದು ಬುದ್ಧರು ಕಲಿಸಿದರು. ನಾನು ಹಕ್ಕಿಗೆ ಶಿಕ್ಷೆ ಕೊಡಲು ಹೊರಟಿದ್ದೆ. ಕಾರಣ ನಾವು ಕಟ್ಟಿದ ಗೂಡಿನಲ್ಲಿತ್ತು.

ಅಷ್ಟಾಂಗ ಮಾರ್ಗದ ಸಮ್ಯಕ್ ವ್ಯಾಯಾಮದಲ್ಲಿ ನಾಲ್ಕು ಪ್ರಯತ್ನಗಳಿವೆ. ಮರುದಿನ ಅಪ್ಪ ಮಗ ಅದನ್ನೇ ಮಾಡಿದೆವು.

ಹುಟ್ಟಿರುವ ಕೆಡುಕನ್ನು ಬಿಡಿಸುವುದು: ಗಾಯದ ಹಕ್ಕಿಯನ್ನು ಬೇರೆ ಇಟ್ಟೆವು, ರಕ್ತ ಕಂಡರೆ ಉಳಿದವೂ ಕುಕ್ಕುತ್ತವೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಾದರೂ ಇರಬೇಕು. ಹಾಗಾಗಿ ಒಂದು ಗಂಡನ್ನು ಉಳಿಸಿಕೊಂಡು ಮಿಕ್ಕ ಎರಡಕ್ಕೆ ಬೇರೆ ಬೇರೆ ಪೆಟ್ಟಿಗೆ ಮಾಡಿದೆವು.

ಹುಟ್ಟದ ಕೆಡುಕನ್ನು ತಡೆಯುವುದು: ಗೂಡನ್ನು ಎರಡು ಪಟ್ಟು ಮಾಡಿದೆವು. ರಾತ್ರಿಯ ದೀಪ ಆರಿಸಿದೆವು. ನುಚ್ಚಿನ ಬದಲು ಪ್ರೋಟೀನ್ ಇರುವ ಮರಿಕೋಳಿ ಆಹಾರ ತಂದೆವು.

ಹುಟ್ಟದ ಒಳಿತನ್ನು ಹುಟ್ಟಿಸುವುದು: ಒಂದು ತಟ್ಟೆಯಲ್ಲಿ ಒಣ ಮರಳು, ಒಲೆಯ ಬೂದಿ ಇಟ್ಟೆವು. ಹಕ್ಕಿಗಳು ಅದರಲ್ಲಿ ಹೊರಳಿ ಧೂಳಿನ ಸ್ನಾನ ಮಾಡಿದ್ದು ನೋಡಬೇಕಿತ್ತು! ಒಣಹುಲ್ಲಿನಲ್ಲಿ ನವಣೆ ಚೆಲ್ಲಿದೆವು, ಹುಡುಕಿ ತಿನ್ನಲಿ ಎಂದು. ಸೊಪ್ಪಿನ ಕಟ್ಟು ತೂಗುಬಿಟ್ಟೆವು. ಅವಿತುಕೊಳ್ಳಲು ರಟ್ಟಿನ ಡಬ್ಬ ಇಟ್ಟೆವು.

ನಾಲ್ಕನೆಯದು, ಹುಟ್ಟಿದ ಒಳಿತನ್ನು ಉಳಿಸಿಕೊಳ್ಳುವುದು. ಅದು ಪ್ರತಿದಿನದ ಕೆಲಸ, ಮಗನ ಪಾಲಿಗೆ ಬಂದಿದೆ.

ಹೆಣ್ಣಿನ ನೆತ್ತಿಯಲ್ಲಿ ಪುಕ್ಕ ಮತ್ತೆ ಮೂಡಿದೆ. ಆ ದಪ್ಪ ಗಂಡು ಮಾತ್ರ ಇನ್ನೂ ಒಂಟಿಯಾಗಿಯೇ ಇದೆ. ಅದನ್ನು ಜೊತೆಗೆ ಬಿಡುವ ಧೈರ್ಯ ನಮಗೆ ಬಂದಿಲ್ಲ. ಆದರೆ ಅದು ಬದುಕಿದೆ.

ಬಂಧುಗಳೇ, ಬುದ್ಧರು ಕಪಿಲವಸ್ತುವಿನಲ್ಲಿ ತಮ್ಮ ಬಂಧುಗಳ ಕಲಹ ಕಂಡು ಹೇಳಿದ ಸಮ್ಮೋದಮಾನ ಜಾತಕದಲ್ಲಿರುವುದೂ ಇದೇ ಹಕ್ಕಿಯ ಕುಲ. ಜಾತಕವನ್ನು ಪುನರ್ಜನ್ಮದ ಲೆಕ್ಕಕ್ಕಲ್ಲ, ನೀತಿಗಾಗಿ ಓದೋಣ. ಬೇಡ ಬಲೆ ಬೀಸಿದಾಗಲೆಲ್ಲ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಹೊತ್ತು ಹಾರಿ ಪಾರಾಗುತ್ತಿದ್ದವು. ಒಂದು ದಿನ ಒಂದರ ತಲೆಯನ್ನು ಇನ್ನೊಂದು ಅರಿಯದೆ ತುಳಿಯಿತು. ಕ್ಷಮೆ ಕೇಳಿದರೂ ಸಿಟ್ಟು ಇಳಿಯಲಿಲ್ಲ. ಮುಂದಿನ ಸಲ ಬಲೆ ಬಿದ್ದಾಗ "ನೀನು ಎತ್ತು, ನೀನು ಎತ್ತು" ಎನ್ನುತ್ತಲೇ ಸಿಕ್ಕಿಬಿದ್ದವು.

ತಲೆ ತುಳಿಯುವುದೆಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಬಾಸಾಹೇಬರು ಅದನ್ನು ಶ್ರೇಣೀಕೃತ ಅಸಮಾನತೆ ಎಂದರು. ತನಗಿಂತ ಕೆಳಗೊಬ್ಬನಿದ್ದಾನೆ ಎಂಬ ಸಮಾಧಾನವೇ ಆ ಏಣಿಯನ್ನು ನಿಲ್ಲಿಸಿದೆ. ನಾವು ಆ ಗೂಡಿನಿಂದ ಹೊರಬಂದವರು. ಆದರೆ ಕುಕ್ಕುವ ಅಭ್ಯಾಸ ಬಂತೇ ಜೊತೆಗೆ? ಕಳೆದ ಬುದ್ಧ ಪೂರ್ಣಿಮೆಯ ಫ್ಲೆಕ್ಸಿನಲ್ಲಿ ಯಾರ ಫೋಟೋ ಮೇಲೆ, ಯಾರದು ಕೆಳಗೆ ಎಂದು ನಮ್ಮಲ್ಲೇ ಮಾತು ಬಂತು. ಇಬ್ಬರು ಹಿರಿಯರು ಇಂದಿಗೂ ಒಂದೇ ಚಾಪೆಯ ಮೇಲೆ ಕೂರುತ್ತಿಲ್ಲ. ಅವರಲ್ಲಿ ಒಬ್ಬ ನಾನು.

ಹಕ್ಕಿ ತನ್ನ ಗೂಡನ್ನು ತಾನೇ ಬದಲಿಸಲಾರದು. ನಾವು ಬದಲಿಸಬಲ್ಲೆವು. ಓದಲು, ಮಾಡಲು ಕೆಲಸವಿಲ್ಲದ ಸಂಘದಲ್ಲಿ ಕೊಕ್ಕುಗಳು ಪರಸ್ಪರರ ತಲೆ ಹುಡುಕುತ್ತವೆ. ಮಕ್ಕಳ ಸಂಜೆ ಪಾಠಕ್ಕೆ ಇಬ್ಬರು ಬೇಕಾಗಿದ್ದಾರೆ. ನಾನು ನನ್ನ ಹೆಸರು ಬರೆಸಿದ್ದೇನೆ. ಇನ್ನೊಂದು ಹೆಸರಿಗಾಗಿ ಇಂದು ಸಂಜೆ ಆ ಹಿರಿಯರ ಮನೆಗೆ ಹೋಗುತ್ತಿದ್ದೇನೆ.

ಇಂದಿನ ಸಂಕಲ್ಪ: ಯಾರನ್ನಾದರೂ ಕೆಟ್ಟವರು ಎನ್ನುವ ಮೊದಲು, ಅವರು ಯಾವ ಗೂಡಿನಲ್ಲಿದ್ದಾರೆ ಎಂದು ಒಮ್ಮೆ ನೋಡುತ್ತೇನೆ.

ಸರ್ವ ಜೀವಿಗಳಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್ 🙏