ಒಂಟಿಯಾಗಿ ಓದುವ ಹಕ್ಕು

(ಪಡೀಲಿನ ಮಂಗಳೂರು ಜಂಕ್ಷನ್. ರೈಲು ತಡ. ಬೆಂಚಿನಲ್ಲಿ ನಿವೃತ್ತ ಮಾಸ್ತರರು, ಪಕ್ಕದಲ್ಲಿ ಅವರ ಹಳೆಯ ಶಿಷ್ಯೆ. ಆಕೆಗೆ ಕಣ್ಣು ಕಾಣಿಸುವುದಿಲ್ಲ, ಬಿ.ಎಡ್. ಓದುತ್ತಿದ್ದಾಳೆ.)

ಮಾಸ್ತರರು: ನಾನು ಕಳಿಸಿದ ನೋಟ್ಸ್ ಓದಿದ್ಯಾ?

ಶಿಷ್ಯೆ: ತೆರೆದೆ ಸರ್, ಓದಲಿಕ್ಕೆ ಆಗಲಿಲ್ಲ. ನೀವೇ ಕೇಳಿ. (ಲ್ಯಾಪ್‌ಟಾಪಿನ ಇಯರ್‌ಫೋನ್ ಕೊಡುತ್ತಾಳೆ. ‘ಪಿ... ಎ... ಪೌಂಡ್...’)

ಮಾಸ್ತರರು: ಇದೆಂತದು ಮಾರಾಯ್ತಿ, ಕನ್ನಡವೇ ಅಲ್ಲ!

ಶಿಷ್ಯೆ: ನೀವು ‘ಕನ್ನಡ’ ಅಂತಲೇ ಬರೆದದ್ದು. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಕಾಣುವಲ್ಲಿ ಒಳಗಿರುವುದು ಇಂಗ್ಲಿಷಿನ ಪಿ. ‘ನ’ ಕಾಣುವಲ್ಲಿ ಪೌಂಡಿನ ಚಿಹ್ನೆ. ಫಾಂಟು ಮೇಲಿಂದ ಕನ್ನಡದ ವೇಷ ಕಟ್ಟುತ್ತದೆ. ಯೂನಿಕೋಡ್ ಆದರೆ ಎನ್‌ವಿಡಿಎ ಸರಿಯಾಗಿ ಓದುತ್ತದೆ. ಪರದೆಯ ಮೇಲಿನ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ ಅದು. 2006ರಲ್ಲಿ ಆಸ್ಟ್ರೇಲಿಯದ ಅಂಧರೊಬ್ಬರು ಶುರುಮಾಡಿದ್ದು, ಪುಕ್ಕಟೆ.

ಮಾಸ್ತರರು: ಗೆಳತಿಯರು ಓದಿ ಹೇಳುವುದಿಲ್ವಾ? ಮನುಷ್ಯರ ದನಿಯಲ್ಲಿ ಪ್ರೀತಿಯಾದರೂ ಉಂಟು.

ಶಿಷ್ಯೆ: ಉಂಟು. ಒಂದು ಸಾಲು ಅರ್ಥವಾಗದಿದ್ದರೆ ನೀವು ಎಷ್ಟು ಸಲ ಓದುತ್ತೀರಿ?

ಮಾಸ್ತರರು: ಅರ್ಥ ಆಗುವಷ್ಟು ಸಲ.

ಶಿಷ್ಯೆ: ಮೂರನೇ ಸಲ ಓದು ಅನ್ನಲು ನನಗೆ ಸಂಕೋಚ. ಗೊತ್ತಾಯಿತು ಅಂದುಬಿಡುತ್ತೇನೆ. ಬೇಸರ ಬಂದರೆ ಪುಟ ಹಾರಿಸುವಂತಿಲ್ಲ, ನಡುವೆ ನಿಲ್ಲಿಸಿ ‘ಇದು ಸುಳ್ಳು’ ಅನ್ನುವಂತಿಲ್ಲ. ಉಪಕಾರ ಪಡೆದವಳು ಅನುಮಾನ ಪಡುವುದು ಕಷ್ಟ ಸರ್.

ಮಾಸ್ತರರು: ಆದರೆ ಎಲ್ಲರೂ ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತರೆ ಅದು ತರಗತಿಯಾ? ಸೇರಿಸಲು ಹೊರಟು ಒಬ್ಬೊಬ್ಬರನ್ನೂ ಬೇರೆ ಮಾಡಿದ ಹಾಗಲ್ವಾ?

ಶಿಷ್ಯೆ: ಚರ್ಚೆಗೆ ಬರುವವರು ಮೊದಲು ತಾವಾಗಿ ಓದಿರಬೇಕಲ್ಲ? ಇಲ್ಲದಿದ್ದರೆ ಹಾಜರಿಯಲ್ಲಿ ನನ್ನ ಹೆಸರಿರುತ್ತದೆ, ಚರ್ಚೆಯಲ್ಲಿ ನನ್ನ ಮಾತಿರುವುದಿಲ್ಲ.

ಮಾಸ್ತರರು: ಒಬ್ಬಳಿಗಾಗಿ ನಾವೆಲ್ಲ ಬರೆಯುವ ಕ್ರಮ ಬದಲಿಸಬೇಕಾ?

ಶಿಷ್ಯೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೌದು ಅನ್ನುತ್ತದೆ. ಕಾಯ್ದೆ ಬಿಡಿ, ಆ ಫಾಂಟ್ ಇಲ್ಲದ ಫೋನಿನಲ್ಲಿ ನಿಮ್ಮ ನೋಟ್ಸ್ ತೆರೆಯಿರಿ. ಕಣ್ಣಿದ್ದವರಿಗೂ ಅದೇ ಪಿ, ಅದೇ ಪೌಂಡ್. ಬೇಕಾದ ಪದ ಹುಡುಕಿದರೂ ಸಿಗುವುದಿಲ್ಲ. ಹೊರಗುಳಿದವಳು ನಾನೊಬ್ಬಳೇ ಅಲ್ಲ, ಮೊದಲು ಗೊತ್ತಾದದ್ದು ನನಗೆ.

ಮಾಸ್ತರರು: ಆಯ್ತು, ಯೂನಿಕೋಡಿಗೆ ಬದಲಿಸಿ ಕಳಿಸುತ್ತೇನೆ. ಆಗ ಅದರಲ್ಲಿರುವ ನನ್ನ ವಾದ ಒಪ್ಪುತ್ತೀಯಲ್ಲ?

ಶಿಷ್ಯೆ: ಅದು ಓದಿದ ಮೇಲಿನ ಮಾತು ಸರ್. ಮೂರು ಸಲ ಓದಿ, ತಪ್ಪು ಹುಡುಕಿಕೊಂಡು ಬರುತ್ತೇನೆ.