ಆ ಅಂಕಿಗಳು ಏನು ಎಂದು ಕೇಳುವಾಗ

‘ಸೆವೆರನ್ಸ್’ ಸರಣಿಯನ್ನು ನೋಡಿದ ಇಬ್ಬರು ಒಂದೆಡೆ ಸೇರಿದರೆ ಮಾತು ಬೇಗ ಆಡುಗಳ ಕಡೆ ಹೊರಳುತ್ತದೆ. ಕಚೇರಿಯ ಬಿಳಿ ಕಾರಿಡಾರುಗಳಲ್ಲಿ ಅಲೆಯುತ್ತಿದ್ದ ಇಬ್ಬರು ಉದ್ಯೋಗಿಗಳು ಒಂದು ಬಾಗಿಲು ತೆರೆಯುತ್ತಾರೆ. ಒಳಗೆ ಒಬ್ಬ ಮನುಷ್ಯ ಆಡಿನ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿರುತ್ತಾನೆ. ಯಾಕೆ? 2022ರಲ್ಲಿ ಬಂದ ಈ ದೃಶ್ಯಕ್ಕೆ ಒಂದು ಉತ್ತರ ಸಿಗಲು 2025ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಅಭಿಮಾನಿಗಳ ಥಿಯರಿಗಳಲ್ಲಿ ಕ್ಲೋನಿಂಗ್ ಬಂದು ಹೋಯಿತು, ಸತ್ತ ಸಂಸ್ಥಾಪಕ ಕಿಯರ್ ಈಗನ್‌ನನ್ನು ಇನ್ನೊಬ್ಬರ ದೇಹದಲ್ಲಿ ಎಬ್ಬಿಸುವ ಯೋಜನೆಯೂ ಬಂದು ಹೋಯಿತು. (ನೋಡದವರಿಗೆ: ಮುಂದೆ ಕಥೆಯ ಗುಟ್ಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ.)

ಡ್ಯಾನ್ ಎರಿಕ್ಸನ್ ರೂಪಿಸಿದ ಈ ಕಥೆಯಲ್ಲಿ ಲೂಮನ್ ಎಂಬ ಕಂಪನಿ ತನ್ನ ಕೆಲವು ಉದ್ಯೋಗಿಗಳ ಮೆದುಳಿಗೆ ಚಿಪ್ ಹಾಕುತ್ತದೆ. ಲಿಫ್ಟ್ ಇಳಿದರೆ ಹೊರಗಿನ ಬದುಕಿನ ನೆನಪಿಲ್ಲ, ಹತ್ತಿದರೆ ಒಳಗಿನ ಕೆಲಸದ ನೆನಪಿಲ್ಲ. ಒಂದೇ ದೇಹ, ಕಚೇರಿಯಲ್ಲಿ ‘ಇನ್ನಿ’, ಮನೆಯಲ್ಲಿ ‘ಔಟಿ’. ಹೆಂಡತಿ ಜೆಮ್ಮಾ ತೀರಿಕೊಂಡಳೆಂಬ ದುಃಖದಿಂದ ದಿನಕ್ಕೆ ಎಂಟು ಗಂಟೆಯಾದರೂ ಬಿಡುಗಡೆ ಬೇಕೆಂದು ಮಾರ್ಕ್ ಇದಕ್ಕೆ ಒಪ್ಪಿರುತ್ತಾನೆ. ಅವನೂ ಸಹೋದ್ಯೋಗಿಗಳೂ ಪರದೆಯ ಮೇಲೆ ತೇಲುವ ಅಂಕಿಗಳಲ್ಲಿ ‘ಭಯ ಹುಟ್ಟಿಸುವ’ ಗುಂಪುಗಳನ್ನು ಹುಡುಕಿ ಡಬ್ಬಿಗಳಿಗೆ ಹಾಕುತ್ತಾರೆ. ಆ ಅಂಕಿಗಳು ಏನೆಂದು ಅವರಿಗೆ ಗೊತ್ತಿಲ್ಲ.

ಗೊತ್ತಿಲ್ಲದೆ ಕೆಲಸ ಮಾಡುವುದು ಕಾಲ್ಪನಿಕ ಸಂಗತಿಯೇನಲ್ಲ. ಬೆಂಗಳೂರಿನಲ್ಲಿ ನನ್ನ ಗೆಳತಿಯೊಬ್ಬಳು ಒಂದು ವರ್ಷ ಚಿತ್ರಗಳಿಗೆ ಲೇಬಲ್ ಹಚ್ಚುವ ಗುತ್ತಿಗೆ ಕೆಲಸ ಮಾಡಿದಳು. ಛಾವಣಿ, ನೆರಳು, ವಾಹನ, ಮನುಷ್ಯ. ಎತ್ತರದಿಂದ ತೆಗೆದ ಚಿತ್ರಗಳು. ಇವು ಯಾರಿಗೆ ಎಂದು ಕೇಳಿದರೆ ಮೇಲಿನವರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದರು. ಬೆಳೆ ವಿಮೆಗೂ ಇರಬಹುದು, ಬಾಂಬಿಗೂ ಇರಬಹುದು ಎನ್ನುತ್ತಿದ್ದಳು. ಊಟದ ಹೊತ್ತಿನಲ್ಲಿ ಅವಳೂ ಜೊತೆಯವರೂ ಕಟ್ಟುತ್ತಿದ್ದುದು ಥಿಯರಿಗಳನ್ನೇ. ಹಾಗಾಗಿ ಅಭಿಮಾನಿಗಳ ಊಹಾಪೋಹವನ್ನು ಕೆಲಸವಿಲ್ಲದವರ ಕಾಲಹರಣ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ‘ನನ್ನ ಕೈಯಿಂದ ಏನಾಗುತ್ತಿದೆ?’ ಎಂಬುದು ದುಡಿಯುವವರ ಮೊದಲ ಪ್ರಶ್ನೆ. ಅದನ್ನು ಕೇಳಲು ಬಿಡದಿರುವುದೇ ಒಂದು ಅನ್ಯಾಯ.

ಆದರೆ ಅದೇ ಪ್ರಶ್ನೆಯನ್ನು ಸೋಫಾದ ಮೇಲೆ ಕೂತವರು ಕೇಳಿದಾಗ ಅದರ ದಿಕ್ಕು ಸ್ವಲ್ಪ ಬದಲಾಗುತ್ತದೆ. ಉತ್ತರ ಸಿಕ್ಕಿದರೆ ಲೆಕ್ಕ ಚುಕ್ತಾ ಆಗುತ್ತದೆ ಎಂಬ ಧಾಟಿ ಬರುತ್ತದೆ. ಲೂಮನ್ ಮಾಡುತ್ತಿರುವುದು ಔಷಧವಾದರೆ ಒಂದು ತೀರ್ಪು, ಆಯುಧವಾದರೆ ಇನ್ನೊಂದು. ಹೆಲಿಯ ಪ್ರಸಂಗವನ್ನು ನೆನೆಯಿರಿ. ಕಚೇರಿಯ ಮೇಜಿನ ಮೇಲೆ ಎಚ್ಚರಗೊಂಡ ಇನ್ನಿ ಆಕೆ. ಕೆಲಸ ಬಿಡುತ್ತೇನೆ ಎನ್ನುತ್ತಾಳೆ. ಅದನ್ನು ನಿರ್ಧರಿಸಬೇಕಾದವಳು ಅವಳ ಔಟಿ. ಆ ಔಟಿ ವಿಡಿಯೊ ಕಳಿಸಿ, ನಾನು ವ್ಯಕ್ತಿ, ನೀನಲ್ಲ, ತೀರ್ಮಾನ ನನ್ನದು ಎಂಬರ್ಥದ ಮಾತನ್ನು ತಣ್ಣಗೆ ಹೇಳುತ್ತಾಳೆ. ಇಲ್ಲಿ ನಿಗೂಢವಾದದ್ದು ಯಾವುದೂ ಇಲ್ಲ. ಅಂಕಿಗಳು ಏನೇ ಆಗಿರಲಿ, ತಪ್ಪು ಪೂರ್ತಿಯಾಗಿ ಕಣ್ಣೆದುರು ನಡೆದುಹೋಗಿದೆ.

ಇದು ತಪ್ಪು ಹೇಗೆ, ಅವಳೇ ಅಲ್ಲವೇ ಒಪ್ಪಿ ಸಹಿ ಹಾಕಿದ್ದು ಎಂದು ಕೇಳುವವರಿದ್ದಾರೆ. ಜಾನ್ ಲಾಕ್ ಇದಕ್ಕೆ ತುಂಬ ಹಿಂದೆಯೇ ದಾರಿ ತೋರಿಸಿದ್ದ. 1694ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ಸೇರಿಸಿದ ಅಧ್ಯಾಯದಲ್ಲಿ, ಒಂದೇ ದೇಹದಲ್ಲಿ ಹಗಲಿಗೊಂದು ರಾತ್ರಿಗೊಂದು ಪರಸ್ಪರ ಸಂಪರ್ಕವಿಲ್ಲದ ಪ್ರಜ್ಞೆಗಳಿದ್ದರೆ ಹಗಲಿನವನೂ ರಾತ್ರಿಯವನೂ ಬೇರೆ ಬೇರೆ ವ್ಯಕ್ತಿಗಳಲ್ಲವೇ ಎಂದು ಕೇಳುತ್ತಾನೆ. ಸರಣಿಯ ಸೂತ್ರವೇ ಅಲ್ಲಿದೆ. ಲಾಕ್‌ಗೆ ‘ವ್ಯಕ್ತಿ’ ಎಂಬುದು ನ್ಯಾಯಕ್ಕೆ ಸಂಬಂಧಿಸಿದ ಪದ. ಯಾರಿಗೆ ಫಲ, ಯಾರಿಗೆ ಶಿಕ್ಷೆ ಎಂದು ತೀರ್ಮಾನಿಸಲು ಅದು ಬೇಕು. ಆ ಅಳತೆಯಲ್ಲಿ ನೋಡಿದರೆ ಲೂಮನ್‌ನಲ್ಲಿ ದುಡಿಯುವವಳು ಒಬ್ಬಳು, ಸಂಬಳ ಇನ್ನೊಬ್ಬಳಿಗೆ. ಇನ್ನಿಗೆ ಸಿಗುವುದು ಬೆರಳಿಗೆ ಸಿಕ್ಕಿಸಿಕೊಳ್ಳುವ ಆಟಿಕೆ, ತ್ರೈಮಾಸಿಕದಲ್ಲಿ ಎಲ್ಲರಿಗಿಂತ ಮುಂದಿದ್ದರೆ ವಾಫಲ್ ಪಾರ್ಟಿ. ಇನ್ನೊಬ್ಬರ ಪರವಾಗಿ ಜೀತಕ್ಕೆ ಸಹಿ ಹಾಕುವುದನ್ನು ನಾವು ಒಪ್ಪಿಗೆ ಎನ್ನುವುದಿಲ್ಲ.

ಎಲ್ಲ ಥಿಯರಿಗಳೂ ಒಂದೇ ಜಾತಿಯವಲ್ಲ. ನನಗೆ ತುಂಬ ಇಷ್ಟವಾದದ್ದು ಎರಡನೆಯ ಸೀಸನ್ನಿನ ಆರಂಭದಲ್ಲಿ ಹುಟ್ಟಿದ್ದು. ಕಚೇರಿಗೆ ಮರಳಿದ ಹೆಲಿ ಹೆಲಿಯಲ್ಲ, ಇನ್ನಿಯ ವೇಷ ಹಾಕಿದ ಹೆಲೆನಾ ಈಗನ್, ಅಂದರೆ ಮಾಲೀಕರ ಮಗಳು ಎಂದು ಹಲವರು ಹೇಳಿದರು. ಹೊರಗೆ ಕಂಡದ್ದರ ಬಗ್ಗೆ ಅವಳು ಹೇಳಿದ ಕಥೆ ಸುಳ್ಳು, ಹೆಜ್ಜೆ ಬೇರೆ, ನೋಟ ಬೇರೆ. ನಾಲ್ಕನೆಯ ಕಂತಿನಲ್ಲಿ ಅದು ನಿಜವಾಯಿತು. ಅದನ್ನು ಕಂಡುಹಿಡಿದವನು ಅರ್ವಿಂಗ್. ಅವಳ ಮಾತಿನಲ್ಲಿ ಕ್ರೌರ್ಯ ಕಂಡಿತು, ಹೆಲಿ ಎಂದೂ ಕ್ರೂರಿಯಾಗಿರಲಿಲ್ಲ, ಅವನಿಗೆ ಅಷ್ಟು ಸಾಕಾಯಿತು. ಆಡುಗಳ ಥಿಯರಿ ಕಟ್ಟಲು ಕಥೆಗಾರರ ಜಾಣತನವನ್ನು ಅಳೆಯಬೇಕು. ಇದಕ್ಕೆ ಒಬ್ಬ ಮನುಷ್ಯಳನ್ನು ಗಮನಿಸಿರಬೇಕು. ಅವಳು ಬದಲಿಯಾಗಿ ಬರಬಹುದಾದವಳಲ್ಲ, ಅವಳೇ ಬೇರೆ ಎಂದು ಮೊದಲು ಒಪ್ಪಿರಬೇಕು.

ಅಂಕಿಗಳ ಗುಟ್ಟು 2025ರ ಮಾರ್ಚ್‌ನಲ್ಲಿ ಬಯಲಾಯಿತು. ಜೆಮ್ಮಾ ಸತ್ತಿರಲಿಲ್ಲ, ಅದೇ ಕಟ್ಟಡದ ಇನ್ನೂ ಕೆಳಗಿನ ಅಂತಸ್ತಿನಲ್ಲಿ ಸೆರೆಯಾಗಿದ್ದಳು. ಮಾರ್ಕ್ ಮುಗಿಸಿದ ಒಂದೊಂದು ಫೈಲೂ ಅವಳೊಳಗೆ ಒಬ್ಬೊಬ್ಬ ಹೊಸ ಇನ್ನಿಯನ್ನು ರೂಪಿಸುತ್ತಿತ್ತು. ಕೊನೆಯ ದೃಶ್ಯದಲ್ಲಿ ಮಾರ್ಕ್‌ನ ಇನ್ನಿ ಅವಳನ್ನು ಬಾಗಿಲಿನಾಚೆ ದಾಟಿಸಿ, ತಾನು ದಾಟದೆ ಹೆಲಿಯ ಕೈ ಹಿಡಿದು ಒಳಗೇ ಓಡುತ್ತಾನೆ. ನಮ್ಮ ಹಾಸ್ಟೆಲಿನಲ್ಲಿ ಜೊತೆಗೆ ನೋಡುತ್ತಿದ್ದವರಲ್ಲಿ ಇಬ್ಬರು ‘ದ್ರೋಹಿ’ ಎಂದು ಕೂಗಿದರು. ದಾಟಿದ ಕ್ಷಣಕ್ಕೆ ಅವನು ಇಲ್ಲವಾಗುತ್ತಿದ್ದ ಎಂದು ನಾನು ವಾದಿಸಿದೆ. ‘ಆದರೆ ಅವಳು ಅವನ ಹೆಂಡತಿ’ ಎಂದರು. ಯಾರ ಹೆಂಡತಿ? ಈ ಇನ್ನಿಗೆ ಜೆಮ್ಮಾ ಮದುವೆಯಾದವಳಲ್ಲ. ಮುಂದೆ ಇಬ್ಬರ ನೆನಪನ್ನೂ ಬೆಸೆದು ಒಂದು ಮಾಡೋಣ ಎಂದು ಔಟಿ ಹೇಳುವಾಗ, ಆ ಬೆರಕೆಯಲ್ಲಿ ತನ್ನ ಪುಟ್ಟ ಆಯಸ್ಸು ಎಷ್ಟು ಉಳಿದೀತು ಎಂದು ಇವನು ಹೆದರುತ್ತಾನೆ. ಮೂರು ವರ್ಷ ಒಗಟು ಬಿಡಿಸಿದ ನಾವೂ ಅವನನ್ನು ಗಂಡಹೆಂಡಿರನ್ನು ಸೇರಿಸುವ ಉಪಕರಣವಾಗಿಯೇ ಎಣಿಸಿಕೊಂಡಿದ್ದೆವೇನೋ ಎಂದು ಆ ರಾತ್ರಿ ಅನ್ನಿಸಿತು. ಔಟಿಗಳು ಎಣಿಸುವುದೂ ಹೀಗೆಯೇ.

ಮೂರನೆಯ ಸೀಸನ್ ಘೋಷಣೆಯಾಗಿದೆ, ಹೊಸ ಥಿಯರಿಗಳು ಶುರುವಾಗಿವೆ. ಜೆಮ್ಮಾಳನ್ನು ಹೊರತಂದದ್ದು ಎಲ್ಲರಿಗೂ ಸಮಾಧಾನ, ನನಗೂ. ಆದರೆ ಅವಳೊಳಗಿನ ಇನ್ನಿಗಳಲ್ಲಿ ಒಬ್ಬಳಿಗೆ ದಂತವೈದ್ಯನ ಕುರ್ಚಿಯ ಹೊರತು ಬೇರೆ ಲೋಕ ಗೊತ್ತಿಲ್ಲ. ಇನ್ನೊಬ್ಬಳು ಕ್ರಿಸ್‌ಮಸ್ ಉಡುಗೊರೆಗಳಿಗೆ ಧನ್ಯವಾದ ಪತ್ರ ಬರೆಯುತ್ತಲೇ ಇರುತ್ತಾಳೆ. ಮೊದಲ ಸೀಸನ್ನಿನಲ್ಲಿ ಮಿಸ್ ಕೇಸಿಯಾಗಿ ಕಂಡವಳು ತನ್ನ ಇಡೀ ಆಯಸ್ಸು 107 ಗಂಟೆ ಎಂದು ಮಾರ್ಕ್‌ಗೆ ಹೇಳಿದ್ದಳು. ಇವರೆಲ್ಲ ಈಗ ಎಲ್ಲಿದ್ದಾರೆ ಎಂಬ ಥಿಯರಿಯನ್ನು ನನ್ನ ಬಳಗದಲ್ಲಿ ಇನ್ನೂ ಯಾರೂ ಕಟ್ಟಿಲ್ಲ.